ತಂದೆ ತಾಯಿ ಬೇರೆ ಬೇರೆ ರಾಜ್ಯಗಳಲ್ಲಿದ್ದಾಗ ಮಗುವಿನ ಅಭಿರಕ್ಷೆ

ಉದ್ಯೋಗನಿಮಿತ್ತ ಹುಟ್ಟೂರನ್ನು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ದಾಂಪತ್ಯ ಮುರಿದಾಗ ಪತಿಪತ್ನಿಯರು ಅನೇಕ ವೇಳೆ ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತಾರೆ. ಒಬ್ಬರು ಉದ್ಯೋಗದ ಊರಿನಲ್ಲಿ ಉಳಿದರೆ ಮತ್ತೊಬ್ಬರು ತವರಿಗೆ ಮರಳುತ್ತಾರೆ. ಆಗ ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆಗೆ ಮೊದಲೇ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಅದನ್ನು ತೀರ್ಮಾನಿಸಬೇಕಾದ ನ್ಯಾಯಾಲಯ ಯಾವ ಊರಿನದು? ಅಧಿಕಾರ ವ್ಯಾಪ್ತಿಯಿಲ್ಲದ ನ್ಯಾಯಾಲಯದಲ್ಲಿ ಸಲ್ಲಿಸಿದ ಅರ್ಜಿಯು ಬಹುಕಾಲ ನಡೆದು ಕೊನೆಗೆ ಹಿಂದಿರುಗಬಹುದು. ಅಷ್ಟು ದಿನವೂ ಮಗುವಿನ ಬಾಳು ಅನಿಶ್ಚಿತವಾಗಿಯೇ ಉಳಿಯುತ್ತದೆ.

ಮೂಲ ನಿಯಮ

ಈ ವಿಷಯದಲ್ಲಿ ಎಲ್ಲ ಧರ್ಮೀಯರಿಗೂ ಅನ್ವಯಿಸುವ ಶಾಸನವೆಂದರೆ 1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮ. ಹದಿನೆಂಟು ವರ್ಷ ತುಂಬದ ಮಗುವಿನ ಪೋಷಣೆಗೆ ಸಂಬಂಧಿಸಿದ ಅರ್ಜಿಯನ್ನು ಆ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ಜಿಲ್ಲಾ ನ್ಯಾಯಾಲಯಕ್ಕೆ ಸಲ್ಲಿಸಬೇಕೆಂದು ಅದರ 9ನೆಯ ಪ್ರಕರಣವು ವಿಧಿಸುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ ಮೇರೆಗೆ ಕುಟುಂಬ ನ್ಯಾಯಾಲಯ ಸ್ಥಾಪನೆಯಾಗಿರುವ ಕಡೆಗಳಲ್ಲಿ ಈ ಅಧಿಕಾರವನ್ನು ಆ ನ್ಯಾಯಾಲಯವೇ ಚಲಾಯಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಾಸನವು ಮಗುವಿನ ವಾಸಸ್ಥಳವನ್ನು ಹೇಳುತ್ತದೆಯೇ ಹೊರತು ತಂದೆಯ ಅಥವಾ ತಾಯಿಯ ವಾಸಸ್ಥಳವನ್ನಲ್ಲ.

ಸಾಮಾನ್ಯ ವಾಸ ಎಂದರೇನು?

ಒಂದು ಉದಾಹರಣೆಯನ್ನು ನೋಡೋಣ. ಪುಣೆಯಲ್ಲಿ ನೆಲೆಸಿದ ದಂಪತಿಗಳ ಏಳು ವರ್ಷದ ಮಗಳು ಅಲ್ಲಿಯೇ ಶಾಲೆಗೆ ಹೋಗುತ್ತಿದ್ದಾಳೆ. ಬೇಸಿಗೆಯ ರಜೆಯಲ್ಲಿ ತಾಯಿ ಅವಳನ್ನು ಧಾರವಾಡದ ತವರಿಗೆ ಕರೆತಂದು, ಮೂರು ವಾರಗಳಲ್ಲಿಯೇ ಅಲ್ಲಿನ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸುತ್ತಾಳೆ ಎಂದುಕೊಳ್ಳೋಣ. ರಜೆಯ ತಂಗುವಿಕೆಯನ್ನು ಸಾಮಾನ್ಯ ವಾಸವೆಂದು ಸಾಧಿಸುವುದು ಅವಳಿಗೆ ಕಷ್ಟವಾದೀತು. ಆದರೆ ಅದೇ ಮಗು ಧಾರವಾಡದ ಶಾಲೆಗೆ ಸೇರಿ ಎರಡು ವರ್ಷ ಓದಿದ ಬಳಿಕ ತಂದೆಯು ಶಾಲೆಯ ಬಾಗಿಲಿನಿಂದಲೇ ಅವಳನ್ನು ಪುಣೆಗೆ ಕರೆದೊಯ್ದು ಅಲ್ಲಿ ಅರ್ಜಿ ಸಲ್ಲಿಸಿದರೆ, ಆ ಸ್ಥಳಾಂತರದಿಂದ ಮಾತ್ರವೇ ಪುಣೆಯು ಅವಳ ಸಾಮಾನ್ಯ ವಾಸಸ್ಥಳವಾಗಿಬಿಡುವುದಿಲ್ಲ.

ಸಾಮಾನ್ಯ ವಾಸದ ಪ್ರಶ್ನೆಯು ಕೇವಲ ಕಾನೂನಿನದಲ್ಲ, ಸಂಗತಿಗಳನ್ನೂ ಅವಲಂಬಿಸಿದ್ದು ಎಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ವಿವರಿಸಿದೆ. ಆ ಸ್ಥಳವನ್ನು ನೆಲೆಯಾಗಿಸಿಕೊಳ್ಳುವ ಉದ್ದೇಶವಿತ್ತೇ ಎಂಬುದು ಮುಖ್ಯವಾಗುತ್ತದೆ. ಆದ್ದರಿಂದ ಶಾಲೆಯ ದಾಖಲಾತಿ ಪತ್ರ, ಲಸಿಕೆಯ ಚೀಟಿ, ವೈದ್ಯಕೀಯ ಕಾಗದಪತ್ರ, ಬಾಡಿಗೆಯ ಕರಾರು ಮುಂತಾದವನ್ನು ಜೋಪಾನವಾಗಿಡುವುದು ಒಳ್ಳೆಯದು.

ವಿಚ್ಛೇದನದ ಮೊಕದ್ದಮೆ ಇದ್ದಾಗ

1955ರ ಹಿಂದೂ ವಿವಾಹ ಅಧಿನಿಯಮದ ಅಡಿಯಲ್ಲಿ ಮೊಕದ್ದಮೆ ನಡೆಯುತ್ತಿದ್ದರೆ, ಅದೇ ನ್ಯಾಯಾಲಯವು 26ನೆಯ ಪ್ರಕರಣದ ಮೇರೆಗೆ ಮಗುವಿನ ಅಭಿರಕ್ಷೆ, ಪಾಲನೆ ಹಾಗೂ ಶಿಕ್ಷಣದ ಬಗ್ಗೆ ಆದೇಶ ನೀಡಬಹುದು. ಅಂತಹ ಮೊಕದ್ದಮೆಯನ್ನು ವಿವಾಹ ನಡೆದ ಸ್ಥಳದಲ್ಲಿ, ಎದುರುಪಕ್ಷದವರು ವಾಸಿಸುವ ಸ್ಥಳದಲ್ಲಿ ಅಥವಾ ದಂಪತಿಗಳು ಕೊನೆಯದಾಗಿ ಒಟ್ಟಿಗೆ ಬಾಳಿದ ಸ್ಥಳದಲ್ಲಿ ಹೂಡಬಹುದು. 2003ರ ತಿದ್ದುಪಡಿಯು ಅರ್ಜಿದಾರಳಾದ ಪತ್ನಿಗೆ ತಾನು ವಾಸಿಸುವ ಸ್ಥಳದಲ್ಲಿಯೇ ಮೊಕದ್ದಮೆ ಹೂಡುವ ಅವಕಾಶವನ್ನೂ ನೀಡಿದೆ.

ಪತಿಯು ಒಂದು ರಾಜ್ಯದಲ್ಲಿಯೂ ಪತ್ನಿಯು ಮತ್ತೊಂದು ರಾಜ್ಯದಲ್ಲಿಯೂ ಮೊಕದ್ದಮೆ ಹೂಡಿದ ಸಂದರ್ಭಗಳುಂಟು. ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಪ್ರಕರಣದ ಮೇರೆಗೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮೊಕದ್ದಮೆಯನ್ನು ವರ್ಗಾಯಿಸುವಂತೆ ಸರ್ವೋಚ್ಚ ನ್ಯಾಯಾಲಯವನ್ನು ಕೋರಬಹುದು.

ತುರ್ತು ಸಂದರ್ಭದಲ್ಲಿ

ಕಾನೂನುಬದ್ಧ ಅಭಿರಕ್ಷೆಯ ಹಕ್ಕಿಲ್ಲದವರು ಮಗುವನ್ನು ಇರಿಸಿಕೊಂಡಿದ್ದರೆ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸಲ್ಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ. ಆದರೆ ವಿವರವಾದ ಸಾಕ್ಷ್ಯ ವಿಚಾರಣೆ ಅಗತ್ಯವಿದ್ದಲ್ಲಿ ಉಚ್ಚ ನ್ಯಾಯಾಲಯವು ಪಕ್ಷಕಾರರನ್ನು 1890ರ ಅಧಿನಿಯಮದ ಮಾರ್ಗಕ್ಕೇ ಕಳುಹಿಸಬಹುದು. ಆ ಅಧಿನಿಯಮದ 12ನೆಯ ಪ್ರಕರಣದಲ್ಲಿ ಮಗುವಿನ ತಾತ್ಕಾಲಿಕ ಅಭಿರಕ್ಷೆಗೂ ರಕ್ಷಣೆಗೂ ಮಧ್ಯಂತರ ಆದೇಶ ಪಡೆಯಲು ಅವಕಾಶವಿದೆ.

ಮಗುವಿನ ಹಿತವೇ ಪರಮ

ಅಧಿಕಾರ ವ್ಯಾಪ್ತಿಯ ಪ್ರಶ್ನೆ ಇತ್ಯರ್ಥವಾದ ಬಳಿಕ ನ್ಯಾಯಾಲಯವು ತಂದೆತಾಯಿಗಳ ಹಕ್ಕಿಗಿಂತ ಮಗುವಿನ ಹಿತವನ್ನೇ ಮುಖ್ಯವಾಗಿ ಪರಿಗಣಿಸುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದಂತೆ ಐದು ವರ್ಷ ತುಂಬದ ಮಗುವಿನ ಅಭಿರಕ್ಷೆಯು ಸಾಮಾನ್ಯವಾಗಿ ತಾಯಿಗೆ ಸೇರತಕ್ಕದ್ದು. ವಿವೇಚಿಸಿ ಹೇಳಬಲ್ಲ ವಯಸ್ಸಿನ ಮಗುವಿನ ಇಚ್ಛೆಯನ್ನು 1890ರ ಅಧಿನಿಯಮದ ಪ್ರಕಾರ ನ್ಯಾಯಾಲಯವು ಪರಿಗಣಿಸಬಹುದು.

ಮಗು ಒಬ್ಬರ ಬಳಿ ಉಳಿದ ಮಾತ್ರಕ್ಕೆ ಮತ್ತೊಬ್ಬರ ಸಂಬಂಧ ಕಡಿದುಹೋಗುವುದಿಲ್ಲ. ತಂದೆತಾಯಿಗಳು ಬೇರೆ ರಾಜ್ಯಗಳಲ್ಲಿ ಇರುವಾಗ ಭೇಟಿಯ ಹಕ್ಕಿನ ಜೊತೆಗೆ ದೂರವಾಣಿ ಹಾಗೂ ವೀಡಿಯೊ ಕರೆಯ ಮೂಲಕ ಸಂಪರ್ಕದ ಹಕ್ಕೂ ಮುಖ್ಯವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ. ಅಭಿರಕ್ಷೆಯ ಆದೇಶವು ಎಂದೆಂದಿಗೂ ಬದಲಾಗದ ತೀರ್ಪೂ ಅಲ್ಲ. ಪರಿಸ್ಥಿತಿ ಬದಲಾದಾಗ ಮಾರ್ಪಾಟು ಕೋರಬಹುದು.

ವಕೀಲರ ವೆಚ್ಚವನ್ನು ಭರಿಸಲಾಗದೆಂದು ಯಾರೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಮಹಿಳೆಯರೂ ಮಕ್ಕಳೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾವಿರುವ ಜಿಲ್ಲೆಯ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು ಅಥವಾ 15100 ಸಂಖ್ಯೆಗೆ ದೂರವಾಣಿ ಕರೆ ಮಾಡಬಹುದು.

ಮಗುವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಎಳೆದೊಯ್ಯುವುದರಿಂದ ಹಕ್ಕು ಹುಟ್ಟುವುದಿಲ್ಲ. ಮಗುವಿನ ಶಾಲೆ, ಗೆಳೆಯರು, ಮನೆ ಇರುವ ಊರಿನ ನ್ಯಾಯಾಲಯದ ಬಾಗಿಲನ್ನು ತಟ್ಟುವುದೇ ಕಾನೂನು ತೋರಿರುವ ದಾರಿ, ಮಗುವಿಗೆ ಕಡಿಮೆ ನೋವಿನ ದಾರಿಯೂ ಹೌದು.