ಮೇಷ್ಟ್ರು ತಿದ್ದಿದ ಪಾಠ ಅಪ್ಪನ ಜೇಬಿನಲ್ಲಿ!

ತುಮಕೂರು: ಮಕ್ಕಳ ಓದನ್ನು ಕೇಳಿ, ತಪ್ಪು ಎಲ್ಲಿ ಅಂತ ಮೇಷ್ಟ್ರು ಬಾಯಲ್ಲೇ ಹೇಳಿ ಮೊಬೈಲಿಗೆ ಕಳಿಸೋ ಪದ್ಧತಿ ಜೋರಾದದ್ದು 2020ರಲ್ಲಿ, ಕೊರೋನಾ ಶಾಲೆಗಳಿಗೆ ಬೀಗ ಹಾಕಿಸಿದಾಗ. ವಾಟ್ಸಾಪ್‌ಗೆ ವಾಯ್ಸ್ ಮೆಸೇಜ್ ಬಂದದ್ದು 2013ರಲ್ಲೇ. ಆದರೆ ಅಲ್ಲಿಯತನಕ ಅದು ಅಡಿಕೆ ರೇಟಿಗೆ, ಮದುವೆ ಮಾತುಕತೆಗೆ ಮೀಸಲು!

ಆ ವರ್ಷ ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ತಂದಿತು. ಮೇಷ್ಟ್ರುಗಳು ಗುಡಿ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದಕ್ಕೂ ತಡೆ ಬಿತ್ತು. ಉಳಿದದ್ದು ಫೋನು. ಶಾಲೆ ಬಾಗಿಲು ತೆರೆದ ಮೇಲೂ ಆ ರೂಢಿ ಪೂರ್ತಿ ಹೋಗಲಿಲ್ಲ.

ಲಾಭ ಇಲ್ಲದೆ ಇಲ್ಲ. ನಮ್ಮ ಸೀಮೆಯ ಹುಡುಗ ‘ಹಾಲು’ ಅನ್ನೋದನ್ನ ‘ಆಲು’ ಅಂತಾನೆ, ‘ಶಾಲೆ’ಯನ್ನ ‘ಸಾಲೆ’ ಅಂತಾನೆ. ಇದನ್ನು ಕೆಂಪು ಇಂಕಿನಲ್ಲಿ ಹೇಗೆ ತಿದ್ದೋದು ಸ್ವಾಮಿ? ಕಿವಿಗೇ ಬೀಳಬೇಕು. ಗುಬ್ಬಿಯೋರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿ, ಆಮೇಲೆ ವೀರಣ್ಣನವರು ಬೆಳೆಸಿದ ಆ ಕಂಪನಿಯಲ್ಲಿ, ಮಾತು ಪಳಗಿದ್ದು ಬಾಯಿಂದ ಕಿವಿಗೇ. ಹೊರದೇಶದ ಕಾಲೇಜು ಮೇಷ್ಟ್ರುಗಳೂ ಕ್ಯಾಸೆಟ್ಟಿನಲ್ಲಿ ಮಾತಾಡಿ ಪ್ರಬಂಧ ತಿದ್ದಿದ್ದುಂಟು. ಧ್ವನಿಯಲ್ಲಿ ಇನ್ನೊಂದು ಗುಣ ಇದೆ. ‘ಸಾಲದು’ ಅಂತ ಬರೆದರೆ ಬೈಗುಳ. ಅದನ್ನೇ ಮೇಷ್ಟ್ರು ನಕ್ಕೊಂಡು ಹೇಳಿದರೆ ಹುಡುಗ ಮತ್ತೊಂದು ಸಲ ಓದ್ತಾನೆ.

ತೊಡಕು ಇರೋದು ಫೋನು ಯಾರ ಕೈಲಿದೆ ಅನ್ನೋದರಲ್ಲಿ. ಎಷ್ಟೋ ಮನೆಗಳಲ್ಲಿ ಇರೋದೇ ಒಂದು ಫೋನು, ಅದು ಅಪ್ಪನದು. ಕುಣಿಗಲ್ಲಿನ ಹುಡುಗಿ ಬೆಳಿಗ್ಗೆ ಓದಿ ಕಳಿಸಿದ್ದಕ್ಕೆ ಮಧ್ಯಾಹ್ನ ಉತ್ತರ ಬಂದರೆ, ಅದು ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಕೂಗುತ್ತೆ. ಇಲ್ಲಾಂದ್ರೆ ಬಸ್ಸಲ್ಲಿ, ಸ್ಪೀಕರ್ ಹಾಕಿಕೊಂಡು! ‘ನಿಮ್ಮ ಮಗಳು ಇನ್ನೂ ಕಾಗುಣಿತ ಕಲೀಬೇಕು’ ಅನ್ನೋದು ಸೀಟಿನ ಸೀಟಿಗೆಲ್ಲ ಗೊತ್ತು. ಮನೆಗೆ ಬಂದ ಅಪ್ಪನ ಮುಖ ನೋಡಿಯೇ ಹುಡುಗಿಗೆ ತಿಳಿಯುತ್ತೆ; ಮೇಷ್ಟ್ರ ಮಾತು ಕೇಳಿಸೋಕೆ ಮುಂಚೆಯೇ ಏಟು ಬೀಳಬಹುದು. ಕೆಂಪು ಇಂಕು ಹೀಗೆ ಬೀದಿಗೆ ಬರ್ತಿರಲಿಲ್ಲ, ನೋಟ್‌ಬುಕ್ಕಿನೊಳಗೇ ಇರ್ತಿತ್ತು.

ತರಗತಿಯ ಗ್ರೂಪಿಗೆ ಹಾಕೋದಂತೂ ಇನ್ನೂ ಕೆಟ್ಟದ್ದು. ನಲವತ್ತು ಮನೆ ಕೇಳುತ್ತೆ.

ಮೇಷ್ಟ್ರುಗಳು ಒಬ್ಬೊಬ್ಬರ ನಂಬರಿಗೇ ಕಳಿಸಲಿ, ಯಾವ ಪುಟ, ಯಾವ ಸಾಲು ಅಂತ ಹೇಳಲಿ. ಅಪ್ಪಂದಿರು ಬಸ್ಸಲ್ಲಿ ಅದನ್ನ ಒತ್ತದೆ ಹಾಗೇ ತಂದು ಮಗುವಿನ ಕೈಗೆ ಕೊಡಲಿ. ಆದರೆ ಅಂಗಡಿ ಬಾಗಿಲು ಹಾಕಿ ಕೊನೆ ಬಸ್ಸು ಹಿಡಿಯೋರ ಮನೇಲಿ, ಆ ಹೊತ್ತಿಗೆ ಮಗು ಮಲಗಿರುತ್ತೆ.