ಒಂದು ಅಂಗಡಿ, ಒಂದೇ ಅಡುಗೆ: ಟೋಕಿಯೊದಲ್ಲಿ ಉಣ್ಣುವ ಬಗೆ

ಟೋಕಿಯೊದಲ್ಲಿ ಇಳಿದವರು ಮೊದಲು ಕೇಳುವ ಪ್ರಶ್ನೆ: ‘ಇಲ್ಲಿ ಒಳ್ಳೆಯ ಜಪಾನಿ ಊಟ ಎಲ್ಲಿ ಸಿಗುತ್ತದೆ?’ ಆ ಊರಿನವರಿಗೆ ಈ ಪ್ರಶ್ನೆ ಕೇಳಿದರೆ ಅವರು ತಿರುಗಿ ಕೇಳುತ್ತಾರೆ: ‘ಏನು ತಿನ್ನಬೇಕು ಅಂತಿದ್ದೀರಿ?’ ಯಾಕೆಂದರೆ ಸುಶಿ ಬೇಕಾದವರು ಸುಶಿ ಅಂಗಡಿಗೆ ಹೋಗುತ್ತಾರೆ, ಸೋಬಾ ಬೇಕಾದವರು ಸೋಬಾ ಅಂಗಡಿಗೆ. ಟೆಂಪುರ ಕರಿಯುವವರು ಸುಶಿ ಕಟ್ಟುವುದಿಲ್ಲ, ಹಾವುಮೀನು ಸುಡುವವರ ಬಳಿ ರಾಮೆನ್ ಕೇಳುವಂತಿಲ್ಲ. ನಮ್ಮ ದೊಡ್ಡ ಊರುಗಳ ಜಪಾನಿ ರೆಸ್ಟೋರೆಂಟುಗಳಲ್ಲಿ ಒಂದೇ ಮೆನುವಿನಲ್ಲಿ ಇವನ್ನೆಲ್ಲ ಕಂಡವರಿಗೆ ಇದು ಹೊಸತು. ಟೋಕಿಯೊದಲ್ಲಿ ಮೊದಲು ಅಡುಗೆ ಗೊತ್ತು ಮಾಡಿಕೊಳ್ಳಬೇಕು, ಆಮೇಲೆ ಅಂಗಡಿ. ಇದೊಂದು ತಿಳಿದರೆ ಅರ್ಧ ದಾರಿ ಸಾಗಿದ ಹಾಗೆ.

ಜಪಾನಿನ ಸಾಂಪ್ರದಾಯಿಕ ಆಹಾರ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನ್ನಣೆಯಲ್ಲಿ ಹೊಸ ವರ್ಷದ ಹಬ್ಬಕ್ಕೆ ಮನೆಮನೆಗಳಲ್ಲಿ ಮಾಡುವ ಅಡುಗೆಗೆ ಮುಖ್ಯ ಸ್ಥಾನ. ಟೋಕಿಯೊದವರು ಮನೆಯ ಹೊರಗೆ ಉಣ್ಣುವ ಪರಂಪರೆ ಬೇರೆಯದೇ. ಅದು ಬೀದಿಯಲ್ಲಿ ಹುಟ್ಟಿದ್ದು. ಒಂದೇ ಕೆಲಸವನ್ನು ತಲೆಮಾರುಗಟ್ಟಲೆ ಮಾಡಿಕೊಂಡು ಬಂದ ಸಣ್ಣ ಅಂಗಡಿಗಳೇ ಅದರ ಜೀವಾಳ.

ಬೀದಿಯ ಗಾಡಿಯಿಂದ ಬಂದದ್ದು

ಟೋಕಿಯೊದ ಹಳೆಯ ಹೆಸರು ಎದೊ. 1603ರಲ್ಲಿ ಸೇನಾನಾಯಕ ತೊಕುಗಾವಾ ಇಯೆಯಾಸು ಅಲ್ಲಿಂದ ದೇಶವನ್ನು ಆಳತೊಡಗಿದ ಮೇಲೆ ಊರು ಬೆಳೆಯುತ್ತ ಹೋಗಿ, 18ನೇ ಶತಮಾನದಲ್ಲಿ ಹತ್ತು ಲಕ್ಷ ಜನರ ನಗರವಾಯಿತು. ಪ್ರಾಂತ್ಯಗಳ ಪಾಳೆಯಗಾರರು ಸರದಿಯಂತೆ ಎದೊದಲ್ಲಿ ಬಂದು ಇರಲೇಬೇಕೆಂಬ ಕಟ್ಟಳೆಯಿತ್ತು. ಅವರ ಜೊತೆ ಬರುತ್ತಿದ್ದ ಪರಿವಾರದವರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬರುತ್ತಿದ್ದರು. ಮರದ ಮನೆಗಳ ಆ ನಗರಕ್ಕೆ ಬೆಂಕಿಯ ಕಾಟ ಬೇರೆ. 1657ರ ಮಹಾ ಅಗ್ನಿ ಅನಾಹುತದ ನಂತರ ಊರನ್ನು ಮತ್ತೆ ಕಟ್ಟಲು ಬಡಗಿಗಳೂ ಕೂಲಿಯವರೂ ಹಿಂಡು ಹಿಂಡಾಗಿ ಬಂದರು. ಹೀಗೆ ಒಂಟಿ ಗಂಡಸರೇ ಹೆಚ್ಚಾದ, ಚಿಕ್ಕ ಚಿಕ್ಕ ಕೋಣೆಗಳ ಊರಿನಲ್ಲಿ ಹೊರಗೆ ತಿನ್ನುವುದು ಅನಿವಾರ್ಯವಾಯಿತು. ಸೋಬಾ, ಸುಶಿ, ಟೆಂಪುರ, ಸುಟ್ಟ ಹಾವುಮೀನು: ಇಂದು ಜಗತ್ತೆಲ್ಲ ಬಲ್ಲ ಈ ನಾಲ್ಕೂ ಎದೊದ ಬೀದಿಗಳಲ್ಲಿ ಬೆಳೆದ ಅಡುಗೆಗಳು. ಗಾಡಿಯಲ್ಲಿ ಒಂದೇ ಒಲೆ, ಒಬ್ಬನೇ ಆಳು. ಒಂದಕ್ಕಿಂತ ಹೆಚ್ಚು ಬಗೆ ಮಾಡಲು ಜಾಗವೇ ಇರಲಿಲ್ಲ. ಇದ್ದ ಒಂದರಲ್ಲೇ ಕೈ ಪಳಗಿತು.

ಸುಶಿಯ ಕತೆ ನೋಡಿ. ಅದರ ಹಳೆಯ ರೂಪದಲ್ಲಿ ಉಪ್ಪು ಹಚ್ಚಿದ ಮೀನನ್ನು ಅನ್ನದೊಳಗೆ ಹುದುಗಿಸಿ ತಿಂಗಳುಗಟ್ಟಲೆ ಹುಳಿ ಬರಿಸಬೇಕಿತ್ತು. ಬಿವಾ ಸರೋವರದ ದಂಡೆಯಲ್ಲಿ ಈಗಲೂ ಹಾಗೆ ಮಾಡುತ್ತಾರೆ. ಎದೊದ ಅವಸರದ ಗಿರಾಕಿಗೆ ಅಷ್ಟು ಕಾಯುವ ವ್ಯವಧಾನ ಎಲ್ಲಿಯದು? 19ನೇ ಶತಮಾನದ ಮೊದಲ ದಶಕಗಳಲ್ಲಿ, ವಿನೆಗರ್ ಬೆರೆಸಿದ ಅನ್ನವನ್ನು ಅಂಗೈಯಲ್ಲಿ ಒತ್ತಿ ಮೇಲೊಂದು ಮೀನಿನ ತುಂಡು ಇಟ್ಟು ಆ ಕ್ಷಣವೇ ಕೊಡುವ ನಿಗಿರಿ ಸುಶಿ ಬಂತು. ಹನಾಯಾ ಯೊಹೇಯಿ ಎಂಬವನ ಹೆಸರು ಅದಕ್ಕೆ ಅಂಟಿಕೊಂಡಿದೆ. ಹಾಂಡಾ ಎಂಬ ಊರಿನಲ್ಲಿ ನಕಾನೊ ಮತಾಜೇಮೊನ್ 1804ರಲ್ಲಿ ಸಾಕೆಯ ಗಸಿಯಿಂದ ವಿನೆಗರ್ ತಯಾರಿಸತೊಡಗಿದ್ದ. ಅಗ್ಗದ ಆ ಕೆಂಬಣ್ಣದ ವಿನೆಗರ್ ಎದೊಗೆ ಬಂದದ್ದು ಈ ಹೊಸ ಸುಶಿಗೆ ದಾರಿಯಾಯಿತು. ಮಂಜುಗಡ್ಡೆ ಇಲ್ಲದ ಕಾಲವಾದ್ದರಿಂದ ಊರ ಮುಂದಿನ ಕೊಲ್ಲಿಯ ಮೀನನ್ನು ವಿನೆಗರಿನಲ್ಲಿ ಅದ್ದಿ, ಸೋಯಾ ಸಾಸಿನಲ್ಲಿ ನೆನೆಸಿ, ಇಲ್ಲವೇ ಬೇಯಿಸಿ ಇಡುತ್ತಿದ್ದರು. ಇವತ್ತಿಗೂ ಕೊಹಾದಾ ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನಿಗೆ ಎಷ್ಟು ಹೊತ್ತು ಉಪ್ಪು, ಎಷ್ಟು ಹೊತ್ತು ಹುಳಿ ಎಂಬ ಹದವನ್ನು ನೋಡಿಯೇ ಬಲ್ಲವರು ಸುಶಿ ಬಾಣಸಿಗನ ಕಸುಬನ್ನು ಅಳೆಯುತ್ತಾರೆ.

ಯುದ್ಧ ಮುಗಿದ ಮೇಲೆ, 1947ರ ಅಕ್ಕಿಯ ಅಭಾವದಲ್ಲಿ, ಹೋಟೆಲುಗಳಿಗೆ ನಿರ್ಬಂಧ ಬಿತ್ತು. ಆಗ ಟೋಕಿಯೊದ ಸುಶಿಯವರು ಒಂದು ಒಪ್ಪಂದ ಮಾಡಿಕೊಂಡರು: ಗಿರಾಕಿಯೇ ಅಕ್ಕಿ ತರುವುದು, ಕೂಲಿ ಪಡೆದು ಹತ್ತು ಸುಶಿ ಕಟ್ಟಿಕೊಡುವುದು. ಈ ಏರ್ಪಾಡು ಬೇರೆ ಊರುಗಳಿಗೂ ಹಬ್ಬಿ, ಎದೊ ಶೈಲಿಯೇ ದೇಶದ ಸುಶಿಯಾಯಿತು. 1958ರಲ್ಲಿ ಒಸಾಕಾ ಬಳಿ ಶಿರಾಯಿಶಿ ಯೊಶಿಯಾಕಿ ಬಿಯರ್ ಕಾರ್ಖಾನೆಯ ಕನ್ವೇಯರ್ ಬೆಲ್ಟಿನಿಂದ ಪ್ರೇರಣೆ ಪಡೆದು ತಟ್ಟೆಗಳು ಸುತ್ತುವ ಸುಶಿ ಅಂಗಡಿ ತೆರೆದರು. ಜೇಬು ಹಗುರವಾಗಿರುವವರಿಗೂ ಮಕ್ಕಳೊಂದಿಗೆ ಹೋಗುವವರಿಗೂ ಇದೇ ಸರಿಯಾದ ಜಾಗ. ಹತ್ತೇ ಆಸನಗಳ ಕೌಂಟರಿನಲ್ಲಿ ಬಾಣಸಿಗನೇ ಆಯ್ದು ಬಡಿಸುವ ಊಟಕ್ಕೆ ರಾತ್ರಿ ಹತ್ತಾರು ಸಾವಿರ ಯೆನ್ ಆದೀತು. ಅಂಥ ಎಷ್ಟೋ ಕಡೆ ಮಧ್ಯಾಹ್ನದ ಊಟ ಕಡಿಮೆ ಬೆಲೆಗೆ ಸಿಗುತ್ತದೆ.

ಸೋಬಾ ಮಣೆಯ ಮುಂದೆ

ಒಂದೇ ಅಡುಗೆಯ ಅಂಗಡಿ ಏನೆಂದು ತಿಳಿಯಲು ನಾನು ಎಲ್ಲರಿಗೂ ಮೊದಲು ಹೇಳುವುದು ಸೋಬಾ ಅಂಗಡಿಯನ್ನು. ಸೋಬಾ ಎಂದರೆ ಬಕ್‌ವೀಟ್ ಹಿಟ್ಟಿನ ನೂಡಲ್ಸ್. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟು ಇದೇ. ಗೋಧಿಯ ಜಿಗುಟು ಇದಕ್ಕಿಲ್ಲ. ಅದಕ್ಕೇ ಎಂಟು ಪಾಲಿಗೆ ಎರಡು ಪಾಲು ಗೋಧಿ ಹಿಟ್ಟು ಸೇರಿಸುವುದು ವಾಡಿಕೆ. ಏನೂ ಸೇರಿಸದೆ ಮಾಡುವವರೂ ಇದ್ದಾರೆ. ಅದು ಕೈತುಂಬ ಅನುಭವ ಬೇಡುವ ಕೆಲಸ.

ಕೆಲವು ಅಂಗಡಿಗಳಲ್ಲಿ ಗಾಜಿನ ಹಿಂದೆ ಇದನ್ನು ಮಾಡುವುದು ಕಾಣುತ್ತದೆ, ನಿಂತು ನೋಡಬೇಕು. ಅರಗು ಬಳಿದ ಅಗಲ ಬೋಗುಣಿಯಲ್ಲಿ ಹಿಟ್ಟು. ನೀರು ಹಾಕಿದ್ದೇ ತಡ, ಹತ್ತೂ ಬೆರಳು ಹಿಟ್ಟಿನೊಳಗೆ ಸುತ್ತತೊಡಗುತ್ತವೆ. ನಾದುವುದು ಆಮೇಲೆ, ಮೊದಲು ಪ್ರತಿ ಕಣಕ್ಕೂ ನೀರು ತಾಗಬೇಕು. ಪುಡಿ ಹರಳಾಗಿ, ಹರಳು ಉಂಡೆಯಾಗಿ, ಉಂಡೆ ಒಂದಾಗುತ್ತದೆ. ಅಂದಿನ ಹವೆ ನೋಡಿ ನೀರು ಒಂದು ಚಮಚ ಹೆಚ್ಚು, ಒಂದು ಚಮಚ ಕಡಿಮೆ. ಉದ್ದನೆಯ ಲಟ್ಟಣಿಗೆಗಳಿಂದ ದುಂಡಗೆ ಲಟ್ಟಿಸಿದ್ದು ನೋಡುನೋಡುತ್ತ ಚೌಕವಾಗುತ್ತದೆ. ಅದನ್ನು ಮಡಚಿ, ಮೇಲೊಂದು ಹಗುರ ಹಲಗೆ ಇಟ್ಟು, ಅದರ ಅಂಚಿಗೆ ತಾಗಿಸಿ ಅಗಲ ಕತ್ತಿಯಿಂದ ಕತ್ತರಿಸುತ್ತಾರೆ. ಪ್ರತಿ ಹೊಡೆತಕ್ಕೂ ಕತ್ತಿ ಹಲಗೆಯನ್ನು ಕೂದಲೆಳೆಯಷ್ಟು ಹಿಂದೆ ತಳ್ಳುತ್ತದೆ. ಎದೊದ ಕ್ರಮದಂತೆ ಮೂರು ಸೆಂಟಿಮೀಟರಿನಲ್ಲಿ ಇಪ್ಪತ್ತಮೂರು ಎಳೆ, ಅಂದರೆ ಒಂದೊಂದೂ ಸುಮಾರು 1.3 ಮಿಲಿಮೀಟರ್. ಕುದಿನೀರಿನಲ್ಲಿ ಸ್ವಲ್ಪವೇ ಹೊತ್ತು ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಬಿದಿರಿನ ತಟ್ಟೆಯಲ್ಲಿ ಹಾಕಿ ತಂದಿಡುತ್ತಾರೆ. ಎಳೆಗಳ ತುದಿಯನ್ನಷ್ಟೇ ಸೋಯಾ ಸಾಸಿನ ಸಾರಿನಲ್ಲಿ ಅದ್ದಿ, ಸದ್ದು ಮಾಡುತ್ತ ಎಳೆದುಕೊಳ್ಳಬೇಕು. ಸದ್ದಿಗೆ ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಗಾಳಿಯ ಜೊತೆ ಹೋದಾಗಲೇ ಬಕ್‌ವೀಟಿನ ಪರಿಮಳ ಮೂಗಿಗೆ ಹತ್ತುವುದು. ಕೊನೆಗೆ ಸೋಬಾ ಬೇಯಿಸಿದ ಬಿಸಿನೀರನ್ನೇ ತಂದುಕೊಡುತ್ತಾರೆ. ಉಳಿದ ಸಾರಿಗೆ ಅದನ್ನು ಬೆರೆಸಿ ಕುಡಿದರೆ ಊಟ ಸಂಪೂರ್ಣ.

ಕಾಂಡಾ ಬಡಾವಣೆಯಲ್ಲಿ ಇಂಥ ಎರಡು ಹಳೆಯ ಅಂಗಡಿಗಳು ಹತ್ತಿರ ಹತ್ತಿರವೇ ಇವೆ. ಕಾಂಡಾ ಯಾಬು ಸೋಬಾ 1880ರದ್ದು, ಕಾಂಡಾ ಮತ್ಸುಯಾ 1884ರದ್ದು. ಯಾಬುವಿನಲ್ಲಿ ಗಿರಾಕಿ ಹೇಳಿದ್ದನ್ನು ರಾಗವಾಗಿ ಕೂಗಿ ಅಡುಗೆಮನೆಗೆ ಮುಟ್ಟಿಸುವ ಪದ್ಧತಿ ಇದೆ. 2013ರಲ್ಲಿ ಅದರ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ಮರುವರ್ಷ ಹೊಸ ಕಟ್ಟಡದಲ್ಲಿ ಬಾಗಿಲು ತೆರೆದಾಗ ಆ ರಾಗವೂ ಜೊತೆಗೇ ಬಂತು. ಇಷ್ಟೆಲ್ಲ ಸಮಯ ಇಲ್ಲದವರಿಗೆ ರೈಲು ನಿಲ್ದಾಣಗಳ ನಿಂತು ತಿನ್ನುವ ಸೋಬಾ ಅಂಗಡಿಗಳಿವೆ. ನಮ್ಮ ದರ್ಶಿನಿಗಳ ಹಾಗೆಯೇ: ಚೀಟಿ ಕೊಟ್ಟು, ನಿಂತು, ಐದು ನಿಮಿಷದಲ್ಲಿ ತಿಂದು ಹೊರಡಬಹುದು. ಕೆಲವೇ ನೂರು ಯೆನ್‌ಗೆ ಹೊಟ್ಟೆ ತುಂಬುತ್ತದೆ.

ಯಾವುದಕ್ಕೆ ಎಲ್ಲಿಗೆ?

ಬೆಳಗಿನ ತಿಂಡಿಗೆ ತ್ಸುಕಿಜಿಗೆ ಹೋಗಿ. 1935ರಿಂದ ಅಲ್ಲಿದ್ದ ಸಗಟು ಮೀನು ಮಾರುಕಟ್ಟೆ 2018ರ ಅಕ್ಟೋಬರಿನಲ್ಲಿ ತೊಯೊಸುಗೆ ಹೋಯಿತು, ಆದರೆ ಹೊರ ಮಾರುಕಟ್ಟೆಯ ಓಣಿಗಳು ಹಾಗೇ ಇವೆ. ಮೊಟ್ಟೆಯ ರೋಲ್, ಸುಟ್ಟ ಚಿಪ್ಪುಮೀನು, ಅನ್ನದ ಮೇಲೆ ಹಸಿ ಮೀನು ಹರಡಿದ ಬಟ್ಟಲು ಅಲ್ಲಿ ಸಿಗುತ್ತವೆ.

ಅಸಾಕುಸಾದಲ್ಲಿ 1801ರಿಂದ ನಡೆದುಬಂದ ಕೊಮಾಗತಾ ದೊಜೆಯು ಇದೆ. ಚಾಪೆಯ ಮೇಲೆ ಕುಳಿತು, ಕೆಂಡದ ಒಲೆಯ ಮೇಲಿನ ಚಪ್ಪಟೆ ಬಾಣಲೆಯಲ್ಲಿ ಕೆರೆಯ ಸಣ್ಣ ಮೀನುಗಳ ಮೇಲೆ ಈರುಳ್ಳಿ ಸೊಪ್ಪು ರಾಶಿ ಹಾಕಿ ಬೇಯಿಸಿಕೊಂಡು ತಿನ್ನುವ ಮನೆ ಅದು. ಗಿಂಜಾದ ರೆಂಗತೆಯ್ 1895ರದ್ದು. ಪಾಶ್ಚಾತ್ಯರ ಕಟ್ಲೆಟ್ ಜಪಾನಿನ ಕರಿದ ಹಂದಿಮಾಂಸವಾಗಿ, ಹೆಚ್ಚಿದ ಎಲೆಕೋಸಿನ ಜೊತೆ ತಟ್ಟೆಗೆ ಬಂದ ದಾರಿಯಲ್ಲಿ ಈ ಅಂಗಡಿಯ ಹೆಸರು ತಪ್ಪದೆ ಬರುತ್ತದೆ. ಸಂಜೆಗೆ ಯುರಾಕುಚೊ ರೈಲು ಸೇತುವೆಯ ಕಮಾನುಗಳ ಕೆಳಗೆ, ಅಥವಾ ಶಿಂಜುಕುವಿನ ಒಮೊಯಿದೆ ಯೊಕೊಚೊ ಓಣಿಯಲ್ಲಿ ಕೋಳಿಮಾಂಸವನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುತ್ತಾರೆ. ಯುದ್ಧಾನಂತರದ ಕಾಳಸಂತೆಯಿಂದ ಬೆಳೆದ ಓಣಿ ಅದು. ತ್ಸುಕಿಶಿಮಾದಲ್ಲಿ ಒಂದು ಬೀದಿಯುದ್ದಕ್ಕೂ ಮೊಂಜಾ ಅಂಗಡಿಗಳೇ. ಕಾದ ಕಬ್ಬಿಣದ ಹಲಗೆಯ ಮೇಲೆ ತೆಳು ಹಿಟ್ಟು ಹುಯ್ದು, ಪುಟ್ಟ ಸಟ್ಟುಗದಿಂದ ಕೆರೆದು ತಿನ್ನಬೇಕು. ಏನು ತಿನ್ನಬೇಕೆಂದು ತೋಚದ ದಿನ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆಗೆ ಇಳಿದರೆ ಊರಿನ ಅಡುಗೆಯೆಲ್ಲ ಒಂದೇ ಸೂರಿನಡಿ ಕಾಣುತ್ತದೆ. ಮುಚ್ಚುವ ಹೊತ್ತಿಗೆ ಬೆಲೆಯೂ ಇಳಿಯುತ್ತದೆ.

ಶಿಂಜುಕುವಿನಲ್ಲಿ ಭಾರತೀಯರು ನೋಡಲೇಬೇಕಾದ ಒಂದು ಮನೆ ಇದೆ: ನಕಾಮುರಾಯಾ. ಬ್ರಿಟಿಷರು ಬೆನ್ನಟ್ಟಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಅವರಿಗೆ 1915ರಲ್ಲಿ ಈ ಬೇಕರಿಯ ಸೋಮಾ ದಂಪತಿ ಆಶ್ರಯ ಕೊಟ್ಟರು. ಮುಂದೆ ಅವರ ಮಗಳು ತೊಶಿಕೊ ಬೋಸರನ್ನು ಮದುವೆಯಾದರು. 1927ರಲ್ಲಿ ನಕಾಮುರಾಯಾ ಊಟದ ಮನೆ ತೆರೆದಾಗ, ಇಂಗ್ಲೆಂಡಿನ ದಾರಿಯಾಗಿ ಬಂದ ಹಿಟ್ಟು ಕದಡಿದ ಕರಿಗೆ ಬದಲಾಗಿ, ಮಸಾಲೆ ಹುರಿದ ಭಾರತದ ಕೋಳಿ ಸಾರನ್ನು ಬೋಸ್ ಕಲಿಸಿಕೊಟ್ಟರು. ಅದು ಇಂದಿಗೂ ಅಲ್ಲಿ ಸಿಗುತ್ತದೆ. ಟೋಕಿಯೊದ ಒಂದೇ ಅಡುಗೆಯ ನಿಷ್ಠೆ ನಮ್ಮ ದೇಶದ ಒಂದು ಅಡುಗೆಯನ್ನೂ ಹೀಗೆ ಕಾಪಾಡಿಕೊಂಡಿದೆ.

ಸಸ್ಯಾಹಾರಿಗಳ ಮಾತು

ಸಸ್ಯಾಹಾರಿ ಕನ್ನಡಿಗರು ಒಂದನ್ನು ತಿಳಿದೇ ಹೋಗಬೇಕು. ತರಕಾರಿ ಮಾತ್ರ ಕಾಣುವ ಬಟ್ಟಲಲ್ಲೂ ಮೀನು ಇರುವ ಸಾಧ್ಯತೆ ಹೆಚ್ಚು. ಹೆಚ್ಚಿನ ಅಡುಗೆಗಳಿಗೆ ಆಧಾರ ದಾಶಿ ಎಂಬ ತಿಳಿಸಾರು. ಕೊಂಬು ಎಂಬ ಕಡಲಪಾಚಿಯನ್ನೂ, ಬೇಯಿಸಿ ಹೊಗೆಯಾಡಿಸಿ ಒಣಗಿಸಿದ ಮೀನಿನ ತೆಳು ಹೆರೆಗಳನ್ನೂ ನೀರಿಗೆ ಹಾಕಿ ತೆಗೆಯುತ್ತಾರೆ. ಸೋಬಾ ಅದ್ದುವ ಸಾರು, ಮಿಸೊ ಸೂಪು, ಬೇಯಿಸಿದ ಮೂಲಂಗಿ, ಎಲ್ಲದರಲ್ಲೂ ಇದೇ. ಟೋಕಿಯೊದ ರಸಾಯನ ವಿಜ್ಞಾನಿ ಇಕೆದಾ ಕಿಕುನಾಯೆ 1908ರಲ್ಲಿ ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು ಅದನ್ನು ಉಮಾಮಿ ಎಂದು ಕರೆದರು. ಅವರ ಶಿಷ್ಯ ಕೊದಾಮಾ 1913ರಲ್ಲಿ ಒಣಮೀನಿನ ಇನೊಸಿನೇಟ್ ಗುರುತಿಸಿದರು. ಎರಡೂ ಕೂಡಿದಾಗ ರುಚಿ ಹಲವು ಪಟ್ಟು ಏರುತ್ತದೆ. ಬಾಣಸಿಗರು ಮೀನನ್ನು ಬಿಡಲೊಲ್ಲದಿರುವುದು ಇದಕ್ಕೇ.

ಹಾಗೆಂದು ನಿರಾಸೆ ಬೇಡ. ಬೌದ್ಧ ಮಠಗಳ ಶೋಜಿನ್ ಅಡುಗೆ ಮೀನು ಮಾಂಸ ಮುಟ್ಟುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತದೆ. ಅಲ್ಲಿನ ದಾಶಿ ಕೊಂಬು ಮತ್ತು ಒಣ ಶಿತಾಕೆ ಅಣಬೆಯದು. ಝೆನ್ ಗುರು ದೊಗೆನ್ 1237ರಲ್ಲೇ ಮಠದ ಅಡುಗೆಯವನ ಕರ್ತವ್ಯಗಳ ಬಗ್ಗೆ ಗ್ರಂಥ ಬರೆದರು; ಅಕ್ಕಿ ತೊಳೆಯುವುದನ್ನೂ ಸಾಧನೆಯೆಂದೇ ಎಣಿಸಿದ ಪರಂಪರೆ ಅದು. ಟೋಕಿಯೊದ ಅತಾಗೊದಲ್ಲಿರುವ ದಾಯಿಗೊ ಈ ಬಗೆಯ ಹೆಸರಾಂತ ಮನೆ. ದುಬಾರಿ, ಮೊದಲೇ ಕಾಯ್ದಿರಿಸಬೇಕು. ಅಗ್ಗದಲ್ಲಿ ಆಗಬೇಕೆಂದರೆ ಟೋಕಿಯೊ ರೈಲು ನಿಲ್ದಾಣದೊಳಗಿನ ಟೀಸ್ ತಾನ್‌ತಾನ್‌ಗೆ ಹೋಗಿ. ಎಳ್ಳಿನ ಸಾರಿನ ರಾಮೆನ್ ಅಲ್ಲಿ ಪೂರ್ತಿ ಸಸ್ಯಜನ್ಯ. ‘ಮೀನಿನ ದಾಶಿಯೂ ಬೇಡ’ ಎಂದು ಜಪಾನಿಯಲ್ಲಿ ಬರೆಸಿಟ್ಟುಕೊಂಡ ಚೀಟಿಯೊಂದು ಜೇಬಿನಲ್ಲಿದ್ದರೆ ಅನುಕೂಲ.

ಒಳಗೆ ಕಾಲಿಟ್ಟ ಮೇಲೆ

ಬಾಗಿಲಿಗೆ ಬಟ್ಟೆಯ ಪರದೆ ತೂಗುಬಿಟ್ಟಿದ್ದರೆ ಅಂಗಡಿ ತೆರೆದಿದೆ ಎಂದರ್ಥ. ಹೊರಗಿನ ಗಾಜಿನ ಪೆಟ್ಟಿಗೆಯಲ್ಲಿ ಮೇಣ ಅಥವಾ ಪ್ಲಾಸ್ಟಿಕ್ಕಿನ ಮಾದರಿ ತಿನಿಸುಗಳಿದ್ದರೆ ಬೆರಳು ತೋರಿಸಿದರೂ ಸಾಕು. ಎಷ್ಟೋ ರಾಮೆನ್ ಅಂಗಡಿಗಳಲ್ಲಿ ಬಾಗಿಲ ಬಳಿಯ ಯಂತ್ರಕ್ಕೆ ಹಣ ಹಾಕಿ, ಗುಂಡಿ ಒತ್ತಿ, ಬಂದ ಚೀಟಿಯನ್ನು ಕೌಂಟರಿನ ಮೇಲಿಡಬೇಕು. ಚಿಲ್ಲರೆ ನಗದು ಇರಲಿ. ಇಜಾಕಾಯಾ ಎಂಬ ಪಾನಗೃಹಗಳಲ್ಲಿ ನೀವು ಕೇಳದಿದ್ದರೂ ಮೊದಲು ಒಂದು ಪುಟ್ಟ ಬಟ್ಟಲು ಬರುತ್ತದೆ. ಅದು ಕೂರುವ ಶುಲ್ಕ, ಬಿಲ್ಲಿನಲ್ಲಿ ಸೇರುತ್ತದೆ. ಟಿಪ್ಸ್ ಕೊಡುವ ರೂಢಿ ಇಲ್ಲ. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬೇಡಿ, ಅದು ಅಪರಕ್ರಿಯೆಯ ಪದ್ಧತಿ. ಸುಶಿಯನ್ನು ಕೈಯಿಂದ ತಿನ್ನಬಹುದು, ಮೀನಿನ ಕಡೆಯನ್ನು ಸಾಸಿಗೆ ತಾಗಿಸಬೇಕು. ಒಂಟಿಯಾಗಿ ಹೋಗಿ ಉಣ್ಣಲು ಇಷ್ಟು ಅನುಕೂಲವಾದ ಊರು ಅಪರೂಪ. ಕೌಂಟರುಗಳು ಇರುವುದೇ ಒಬ್ಬೊಬ್ಬರಿಗಾಗಿ.

ಈ ಅಂಗಡಿಗಳ ಮೇಲೆ ನನಗಿರುವ ಗೌರವ ರುಚಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮೆನು ಉದ್ದವಾದಷ್ಟೂ ಗಿರಾಕಿ ಹೆಚ್ಚು ಎಂದು ನಂಬಿರುವ ಕಾಲದಲ್ಲಿ, ಒಂದನ್ನೇ ಚೆನ್ನಾಗಿ ಮಾಡಿದರೆ ಜನ ಬಂದೇ ಬರುತ್ತಾರೆ ಎಂದು ನೂರಾರು ವರ್ಷ ಬಾಳಿ ತೋರಿಸಿದವರು ಇವರು. ಆದರೆ ಜಪಾನಿನ ಜನಸಂಖ್ಯೆಗೆ ವಯಸ್ಸಾಗುತ್ತಿದೆ. ಮುಂದುವರಿಸುವ ಮಕ್ಕಳಿಲ್ಲದೆ ಗಂಡ ಹೆಂಡತಿ ನಡೆಸುವ ಎಷ್ಟೋ ಸಣ್ಣ ಅಂಗಡಿಗಳು ಬಾಗಿಲು ಹಾಕುತ್ತಿವೆ. ಹೋದವರು ಮಾಲ್‌ಗಳ ಮೇಲಂತಸ್ತಿನಲ್ಲೇ ಉಂಡು ಬರದೆ, ದಿನಕ್ಕೊಂದು ಅಡುಗೆ ಗೊತ್ತುಮಾಡಿ, ಅದನ್ನಷ್ಟೇ ಮಾಡುವ ಒಂದು ಚಿಕ್ಕ ಅಂಗಡಿ ಹುಡುಕಿ ಕೂರಬೇಕು. ಆ ಕಸುಬು ಉಳಿಯುವುದು ಹಾಗೆ ಬಂದು ಕೂರುವ ಗಿರಾಕಿಗಳಿಂದಲೇ.