ಖಾಡಿಯ ದಡದ ಊರುಗಳು: ತಪ್ಪು ಕಲ್ಪನೆ ಮತ್ತು ವಾಸ್ತವ

ಮತ್ಸ್ಯಗಂಧ ರೈಲಿನಲ್ಲಿ ಊರಿನಿಂದ ಬಂದ ನೆಂಟರು ಪನ್ವೇಲಿನಲ್ಲೋ ಥಾಣೆಯಲ್ಲೋ ಇಳಿಯುತ್ತಾರೆ. ಮರುದಿನ ಅವರನ್ನು ಲೋಕಲ್ ಹತ್ತಿಸಿ ನಾವು ಕರೆದೊಯ್ಯುವುದು ಗೇಟ್‌ವೇ, ಮರೀನ್ ಡ್ರೈವ್, ಮಹಾಲಕ್ಷ್ಮಿ, ಸಿದ್ಧಿವಿನಾಯಕಕ್ಕೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಎರಡು ಮೂರು ತಲೆಮಾರು ಕಳೆದ ಕನ್ನಡ ಮನೆಗಳಲ್ಲೂ ಈ ಊರುಗಳೆಂದರೆ ದುಡಿದು ದಣಿದು ರಾತ್ರಿ ಮಲಗಲು ಬರುವ ಜಾಗ ಎಂಬ ಭಾವನೆ ಉಳಿದುಬಿಟ್ಟಿದೆ. ಮಕ್ಕಳಿಗೂ ಅದೇ ಭಾವನೆ ದಾಟುತ್ತಿರುವುದು ನನಗೆ ಬೇಸರದ ಸಂಗತಿ. ಅದರ ಹಿಂದಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಇಲ್ಲಿ ಸಮುದ್ರವೇ ಇಲ್ಲ, ಇರುವುದು ಒಂದು ಕೊಳಕು ಹೊಳೆ.

ವಾಸ್ತವ: ವಾಶಿ ಸೇತುವೆಯ ಮೇಲೆ ಲೋಕಲ್ ಸಾಗುವಾಗ ಕೆಳಗೆ ಕಾಣುವುದು ಹೊಳೆಯಲ್ಲ, ಸಮುದ್ರವೇ. ಮುಂಬಯಿ ಬಂದರಿನಿಂದ ಉತ್ತರಕ್ಕೆ ಥಾಣೆಯವರೆಗೂ ಅರಬ್ಬಿ ಸಮುದ್ರ ಒಳನುಗ್ಗಿದ ಭಾಗಕ್ಕೆ ಥಾಣೆ ಖಾಡಿ ಎನ್ನುತ್ತಾರೆ. ಅದರ ಉತ್ತರದ ತುದಿಯನ್ನು ಕಿರಿದಾದ ಕಾಲುವೆಯೊಂದು ಉಲ್ಹಾಸ್ ನದಿಯ ಅಳಿವೆಗೆ ಜೋಡಿಸುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟುವ ಉಲ್ಹಾಸ್, ಕರ್ಜತ್, ಬದ್ಲಾಪುರ ದಾಟಿ ಕಲ್ಯಾಣದ ಬಳಿ ಉಪ್ಪುನೀರನ್ನು ಸಂಧಿಸಿ, ಡೊಂಬಿವಲಿಯ ಬೆನ್ನಿಗೇ ಹರಿದು ವಸಾಯಿಯಲ್ಲಿ ಕಡಲು ಸೇರುತ್ತದೆ. ಗಂಗೊಳ್ಳಿಯ ಅಳಿವೆಯನ್ನೋ ಕಾಳಿ ನದಿಯ ಮುಖವನ್ನೋ ಕಂಡವರಿಗೆ ಇಲ್ಲಿನ ಉಬ್ಬರ–ಇಳಿತ ಹೊಸದಲ್ಲ. ಮರಳಿನ ದಂಡೆ ಹುಡುಕಿದರೆ ಮಾತ್ರ ನಿರಾಶೆ ಖಂಡಿತ, ಏಕೆಂದರೆ ಇದು ಕೆಸರಿನ ಕರಾವಳಿ. ಊರಿನ ಚರಂಡಿಯೂ ಕಾರ್ಖಾನೆಗಳ ನೀರೂ ಇದಕ್ಕೆ ಸೇರುವುದು ನಿಜ. ಇಲ್ಲಿ ಈಜಬಾರದು. ನೋಡುವುದಕ್ಕೆ ಮಾತ್ರ ಬೇಕಾದಷ್ಟಿದೆ.

ತಪ್ಪು ಕಲ್ಪನೆ: ರಾಜಹಂಸಗಳು ಸೈಬೀರಿಯಾದಿಂದ ಬರುತ್ತವೆ, ಅವು ಬಂದಿವೆ ಎಂದರೆ ಖಾಡಿ ಶುದ್ಧವಾಗಿದೆ ಎಂದೇ ಅರ್ಥ.

ವಾಸ್ತವ: ಎರಡೂ ಸರಿಯಲ್ಲ. ಚಳಿಗಾಲಕ್ಕೆ ಉತ್ತರದ ದೂರ ದೇಶಗಳಿಂದ ಇಲ್ಲಿಗೆ ಬರುವ ಹಕ್ಕಿಗಳಿವೆ. ಫ್ಲೆಮಿಂಗೊಗಳ, ಅಂದರೆ ರಾಜಹಂಸಗಳ, ತವರು ಮಾತ್ರ ಮುಖ್ಯವಾಗಿ ಗುಜರಾತಿನ ಕಛ್ ರಣ. ಅಲ್ಲಿ ಮರಿ ಮಾಡುತ್ತವೆ. ಅಲ್ಲಿನ ನೀರು ಬತ್ತುತ್ತ ಬಂದಂತೆ ಸುಮಾರು ನವೆಂಬರ್ ಹೊತ್ತಿಗೆ ಇಲ್ಲಿಗೆ ಇಳಿದು, ಮಳೆ ಬರುವ ತನಕ ಇರುತ್ತವೆ. ಥಾಣೆ ಖಾಡಿಯಲ್ಲಿ ಅವು ಗೂಡು ಕಟ್ಟುವುದಿಲ್ಲ. ಹೆಚ್ಚಿನವು ಕಿರು ರಾಜಹಂಸಗಳು, ನಡುವೆ ಎತ್ತರದ ಕಾಲಿನ ಹಿರಿ ರಾಜಹಂಸಗಳು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಎಣಿಕೆಯಲ್ಲಿ ಒಂದು ಲಕ್ಷ ಮೀರಿದ ವರ್ಷವೂ ಉಂಟು.

ಶುದ್ಧತೆಯ ಮಾತಿಗೆ ಬಂದರೆ ಸಂಗತಿ ಕಹಿಯಾಗಿದೆ. ಕಿರು ರಾಜಹಂಸದ ಆಹಾರ ಕೆಸರಿನ ಮೇಲೂ ನೀರಿನಲ್ಲೂ ಬೆಳೆಯುವ ಸೂಕ್ಷ್ಮ ಪಾಚಿ. ನಗರದ ಕೊಳಚೆಯಿಂದ ಬರುವ ಪೋಷಕಾಂಶ ಆ ಪಾಚಿಯನ್ನು ಸೊಂಪಾಗಿ ಬೆಳೆಸುತ್ತದೆ. ಹಕ್ಕಿಯ ಗುಲಾಬಿ ಬಣ್ಣವೂ ಆ ಆಹಾರದಲ್ಲಿರುವ ಕೆರೋಟಿನಾಯ್ಡ್‌ಗಳದ್ದೇ. ಆದ್ದರಿಂದ ಹಕ್ಕಿಗಳ ಗುಂಪನ್ನು ತೋರಿಸಿ ಖಾಡಿಗೆ ಒಳ್ಳೆಯ ನಡತೆಯ ಪ್ರಮಾಣಪತ್ರ ಕೊಡುವಂತಿಲ್ಲ. ಕೊಳಚೆ ಬಿಡುವುದು ಹಕ್ಕಿಗೆ ಉಪಕಾರ ಎಂದು ವಾದಿಸುವವರೂ ಇದ್ದಾರೆ. ಅದೂ ಅಷ್ಟೇ ಅಪಾಯದ ಮಾತು. ಪಾಚಿಯನ್ನು ಬೆಳೆಸುವ ಅದೇ ನೀರು ಮೀನು, ಏಡಿಗಳನ್ನು ನಂಬಿದ ಕೋಳಿ ಮತ್ತು ಆಗ್ರಿ ಎಂಬ ಸ್ಥಳೀಯ ಸಮುದಾಯಗಳ ಬಲೆಯನ್ನು ಬರಿದು ಮಾಡುತ್ತದೆ.

ಖಾಡಿಯ ಪಶ್ಚಿಮ ಭಾಗದ ಸುಮಾರು 1,690 ಹೆಕ್ಟೇರ್ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಥಾಣೆ ಖಾಡಿಗೆ ರಾಮ್‌ಸಾರ್ ಮಾನ್ಯತೆಯೂ ಸಿಕ್ಕಿತು. ಐರೋಲಿ ಸೇತುವೆಯ ಪಕ್ಕದಲ್ಲಿರುವ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಹಕ್ಕಿಗಳ ಋತುವಿನಲ್ಲಿ ದೋಣಿ ಹೊರಡುತ್ತದೆ. ಮುಂಚಿತವಾಗಿ ಕಾಯ್ದಿರಿಸಿ ಹೋಗಬೇಕು. ದೋಣಿಯ ವೇಳೆ ದಿನದಿನಕ್ಕೆ ಬದಲಾಗುವುದನ್ನು ಕಂಡು ಗೊಣಗಬೇಡಿ. ಅದನ್ನು ನಿರ್ಧರಿಸುವುದು ಉಬ್ಬರವಿಳಿತ.

ತಪ್ಪು ಕಲ್ಪನೆ: ಭಾನುವಾರ ಬಿಡುವಾದಾಗ ಹೋದರೆ ಹಕ್ಕಿ ಕಾಣುತ್ತದೆ.

ವಾಸ್ತವ: ಭಾನುವಾರವನ್ನಲ್ಲ, ತಿಥಿಯನ್ನು ನೋಡಿ ಹೊರಡಿ. ಇಳಿತದಲ್ಲಿ ಕೆಸರುಬಯಲು ತೆರೆದುಕೊಂಡಾಗ ಹಕ್ಕಿಗಳು ಅಲ್ಲಿ ಹರಡಿ ಮೇಯುತ್ತವೆ. ಉಬ್ಬರ ಏರಿ ಕೆಸರು ಮುಳುಗಿದೊಡನೆ ಎದ್ದು ಒಳನಾಡಿನ ಆಳವಿಲ್ಲದ ಕೆರೆಗಳಿಗೆ ಹಾರುತ್ತವೆ: ನೆರೂಲ್, ಸೀವುಡ್ಸ್ ಕಡೆಯ ಡಿಪಿಎಸ್ ಕೆರೆ, ಎನ್‌ಆರ್‌ಐ ಮತ್ತು ಚಾಣಕ್ಯ ಜೌಗುಗಳಿಗೆ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಜೋರಾಗಿರುತ್ತದೆ. ನಮ್ಮ ಮೊಗವೀರ ಹಿರಿಯರಿಗೆ ಇದು ಬಾಯಿಪಾಠ. ದೋಣಿಗೆ ದುಡ್ಡು ಕೊಡದೆ, ಅಪಾರ್ಟ್‌ಮೆಂಟುಗಳ ಪಕ್ಕದ ದಂಡೆಯಲ್ಲಿ ನಿಂತು, ಮಕ್ಕಳ ಕೈ ಹಿಡಿದುಕೊಂಡು ಸಾವಿರಾರು ಹಕ್ಕಿಗಳನ್ನು ನೋಡುವ ಅವಕಾಶ ದೇಶದ ಎಷ್ಟು ಊರುಗಳಿಗಿದೆ?

ಅವಕಾಶ ತಾನಾಗಿ ಉಳಿದದ್ದಲ್ಲ. ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿ ಮುಚ್ಚಿಹೋಗಿ 2024ರಲ್ಲಿ ಕೆರೆ ಬತ್ತಿತು, ಇಳಿಯಲು ನೆಲೆಯಿಲ್ಲದ ಹಕ್ಕಿಗಳು ಕಂಗೆಟ್ಟು ಕೆಲವು ಸತ್ತವು. ಸ್ಥಳೀಯರು ಬಿಡದೆ ದನಿಯೆತ್ತಿದ ಮೇಲೆ 2025ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಜೌಗೆಂದರೆ ಖಾಲಿ ಬಿದ್ದ ಸೈಟು ಎಂದು ನೋಡುವ ಕಣ್ಣು ಬದಲಾಗದಿದ್ದರೆ ಈ ನೋಟ ನಮ್ಮ ತಲೆಮಾರಿಗೇ ಮುಗಿದೀತು.

ತಪ್ಪು ಕಲ್ಪನೆ: ಕಾಂಡ್ಲಾ (ಮ್ಯಾಂಗ್ರೋವ್) ಎಂದರೆ ಸೊಳ್ಳೆ ಸಾಕುವ ಪೊದೆ.

ವಾಸ್ತವ: ಖಾಡಿಯ ಅಂಚಿನ ಹಸಿರಿನ ದೊಡ್ಡ ಪಾಲು ಅವಿಸೆನಿಯಾ ಜಾತಿಯ ಕಾಂಡ್ಲಾ. ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂತೆ ಎದ್ದ ಬೇರುಗಳು ಗಾಳಿಯಿಲ್ಲದ ಮಣ್ಣಿನಲ್ಲಿ ಮರಕ್ಕೆ ಉಸಿರು ಕೊಡುತ್ತವೆ. ಉಬ್ಬರವಿಳಿತ ಸರಾಗವಾಗಿ ಆಡುವ ಕಾಂಡ್ಲಾವನದಲ್ಲಿ ನೀರು ನಿಲ್ಲುವುದಿಲ್ಲ. ಸೊಳ್ಳೆ ಹೆಚ್ಚುವುದು ನಾವು ರಾಡಿ, ಡೆಬ್ರಿ ಸುರಿದು ನೀರಿನ ದಾರಿ ಕಟ್ಟಿದಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಊರಿಗೆ ಊರೇ ಮುಳುಗಿದಾಗ, ನೀರು ಹರಿದುಹೋಗಬೇಕಾದ ಜೌಗುಗಳನ್ನು ತುಂಬಿದ್ದರ ಬೆಲೆ ಎಲ್ಲರಿಗೂ ತಿಳಿಯಿತು. ಕಾಂಡ್ಲಾ ನಾಶ ಪ್ರಜೆಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಬಾಂಬೆ ಹೈಕೋರ್ಟ್ 2018ರಲ್ಲಿ ಹೇಳಿದೆ.

ತಪ್ಪು ಕಲ್ಪನೆ: ಬಸವಣ್ಣನವರ ಕಲ್ಯಾಣ ಇದೇ.

ವಾಸ್ತವ: ಅಲ್ಲ. ಶರಣರ ಕಲ್ಯಾಣ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹಾಗೆಂದು ಈ ಕಲ್ಯಾಣ ಬರೀ ರೈಲ್ವೆ ಜಂಕ್ಷನ್ ಆಗಿ ಹುಟ್ಟಿದ್ದೂ ಅಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ನಾವಿಕನೊಬ್ಬ ಬರೆದ ‘ಪೆರಿಪ್ಲಸ್’ನಲ್ಲಿ ಕಲ್ಲಿಯೇನ ಎಂಬ ಬಂದರಾಗಿ ಇದರ ಹೆಸರಿದೆ, ತಪ್ಪಿ ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಒಯ್ಯುತ್ತಿದ್ದರೆಂದೂ ಅವನು ದಾಖಲಿಸಿದ್ದಾನೆ. ವಿಜಾಪುರದ ಆದಿಲಶಾಹಿಯ ಕೈಯಲ್ಲಿದ್ದ ಊರನ್ನು 1657ರಲ್ಲಿ ಶಿವಾಜಿ ಗೆದ್ದರು. ಮರಾಠಾ ನೌಕಾಬಲದ ಮೊದಲ ಹಡಗುಗಳ ಕಥೆ ಇಲ್ಲಿನ ದುರ್ಗಾಡಿ ಕೋಟೆಯೊಂದಿಗೆ ಹೆಣೆದುಕೊಂಡಿದೆ. ನವರಾತ್ರಿಯ ನೂಕುನುಗ್ಗಲು ಮುಗಿದ ಮೇಲೆ ಒಂದು ಸಂಜೆ ಕೋಟೆ ಹತ್ತಿ ಖಾಡಿಯ ಕಡೆ ನೋಡಿ.

ತಪ್ಪು ಕಲ್ಪನೆ: ಎಲಿಫೆಂಟಾ ನಮ್ಮ ರಾಷ್ಟ್ರಕೂಟರು ಕಡೆಸಿದ್ದು.

ವಾಸ್ತವ: ಕನ್ನಡಿಗರು ಅಭಿಮಾನದಿಂದ ಹೇಳುವ ಮಾತಿದು. ಆದರೆ ಘಾರಾಪುರಿಯ, ಅಂದರೆ ಎಲಿಫೆಂಟಾದ, ಮುಖ್ಯ ಗುಹೆ ಆರನೆಯ ಶತಮಾನದ್ದು, ರಾಷ್ಟ್ರಕೂಟರ ಏಳಿಗೆಗಿಂತ ಹಳೆಯದು. ಕಲಚೂರಿಗಳ ಕಾಲದ್ದೆಂಬುದು ಇಂದು ಹೆಚ್ಚು ವಿದ್ವಾಂಸರು ಒಪ್ಪುವ ಮತ. ಇಮ್ಮಡಿ ಪುಲಕೇಶಿ ನೌಕಾಪಡೆ ತಂದು ಗೆದ್ದ ಪಶ್ಚಿಮ ಸಮುದ್ರದ ‘ಪುರಿ’ಯ ಮಾತು 634ರ ಐಹೊಳೆ ಶಾಸನದಲ್ಲಿದೆ. ಅದು ಘಾರಾಪುರಿಯೇ ಎಂದು ಹಲವರು, ಜಂಜಿರಾ ಬಳಿಯ ರಾಜಪುರಿ ಎಂದು ಕೆಲವರು ಹೇಳುತ್ತಾರೆ.

ನಿಜಕ್ಕೂ ನಮ್ಮ ಗುರುತು ಬೇಕಿದ್ದರೆ ಕಾನ್ಹೇರಿಗೆ ಹೋಗಬೇಕು. ಥಾಣೆಯ ಬೆನ್ನಿಗಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬೊರಿವಲಿ ಬದಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೆಸರಿಸುವ ಸಂಸ್ಕೃತ ಶಾಸನಗಳಿವೆ. ಕೊಂಕಣವನ್ನು ಅವನ ಪರವಾಗಿ ಶಿಲಾಹಾರ ಕಪರ್ದಿ ನೋಡಿಕೊಳ್ಳುತ್ತಿದ್ದ. ದರ್ಬಾರ್ ಗುಹೆಯ ಶಕ 775ರ, ಅಂದರೆ 853ರ ಸುಮಾರಿನ ಶಾಸನ, ವಿಹಾರದ ದುರಸ್ತಿಗೂ ಪುಸ್ತಕ ಕೊಳ್ಳುವುದಕ್ಕೂ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ‘ಕವಿರಾಜಮಾರ್ಗ’ ಯಾವ ದೊರೆಯ ಆಸ್ಥಾನದಲ್ಲಿ ಹುಟ್ಟಿತೋ ಅದೇ ದೊರೆಯ ಕಾಲದಲ್ಲಿ, ನಮ್ಮ ಲೋಕಲ್ ಲೈನಿನ ಪಕ್ಕದ ಗುಡ್ಡದಲ್ಲಿ ಪುಸ್ತಕಕ್ಕೆಂದು ಹಣ ಇಟ್ಟಿದ್ದರು. ಈ ಬಂಡೆಯ ಮುಂದೆ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ನಿಲ್ಲಿಸಬೇಕು ಎಂಬುದು ನನ್ನ ಆಸೆ. ಸೋಮವಾರ ಉದ್ಯಾನ ಮುಚ್ಚಿರುತ್ತದೆ.

ಶಿಲಾಹಾರರದೇ ಇನ್ನೊಂದು ಕೆಲಸ ಅಂಬರನಾಥದ ಶಿವಾಲಯ. ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರೆಂಬ ಕಥೆಯಿದೆ. ಗುಡಿಯ ಶಾಸನ ಹೇಳುವುದು ಶಕ 982, ಅಂದರೆ 1060, ಅರಸ ಮುಮ್ಮುಣಿ. ಗರ್ಭಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ಶಿವರಾತ್ರಿಯ ಜನಸಾಗರದಲ್ಲಿ ಹೊರಗೋಡೆಯ ಶಿಲ್ಪ ಕಾಣುವುದಿಲ್ಲ. ಸಾಧಾರಣ ದಿನದ ಬೆಳಗು ಒಳ್ಳೆಯದು.

ತಪ್ಪು ಕಲ್ಪನೆ: ಯೇವೂರಿನಲ್ಲಿ ಚಿರತೆ ಇದೆ, ಆ ಕಡೆ ಸುಳಿಯಬಾರದು.

ವಾಸ್ತವ: ಚಿರತೆ ಇರುವುದು ನಿಜ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುಮಾರು 103 ಚದರ ಕಿ.ಮೀ. ಕಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಥಾಣೆ ಜಿಲ್ಲೆಯದು, ಯೇವೂರು ಅದರ ಬಾಗಿಲು. ಇಲ್ಲಿನ ವಾರ್ಲಿ ಜನ ಚಿರತೆಯೊಂದಿಗೇ ಬಾಳಿದವರು. ವಾಘೋಬಾ ಎಂಬ ದೈವವನ್ನು ಪೂಜಿಸುತ್ತಾರೆ. ಪಿಲಿಚಾಮುಂಡಿಗೆ ಕೈಮುಗಿಯುವ ತುಳುನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹಗಲಿನಲ್ಲಿ, ಅನುಮತಿಯಿರುವ ಹಾದಿಯಲ್ಲಿ, ಗುಂಪಾಗಿ ನಡೆದರೆ ಅಪಾಯ ತೀರಾ ಕಡಿಮೆ. ಮುಸ್ಸಂಜೆಯ ನಂತರ ಸುತ್ತುವುದು, ಮಕ್ಕಳನ್ನು ಒಂಟಿಯಾಗಿ ಬಿಡುವುದು, ಎಂಜಲು ಎಸೆದು ನಾಯಿಗಳನ್ನು ಸೇರಿಸುವುದು ಇವೇ ಚಿರತೆಯನ್ನು ಮನುಷ್ಯನ ಹತ್ತಿರ ಎಳೆಯುವುದು. ಧ್ವನಿವರ್ಧಕ ಹಚ್ಚಿ ರಾತ್ರಿ ಪಾರ್ಟಿ ಮಾಡುವವರಿಂದ ಆ ಕಾಡಿಗೆ ಆಗುವ ಹಾನಿ, ಚಿರತೆಯಿಂದ ನಮಗೆ ಆಗುವುದಕ್ಕಿಂತ ಬಹಳ ದೊಡ್ಡದು.

ತಪ್ಪು ಕಲ್ಪನೆ: ಕೆಳಗೆ ಮಳೆ ನಿಂತಿದೆ, ಇನ್ನು ಜಲಪಾತಕ್ಕೆ ಇಳಿಯಬಹುದು.

ವಾಸ್ತವ: ಈ ನಂಬಿಕೆ ಪ್ರತಿ ಮಳೆಗಾಲ ಹರೆಯದ ಜೀವಗಳನ್ನು ತೆಗೆಯುತ್ತಿದೆ. ಖಾರ್‌ಘರ್‌ನ ಪಾಂಡವಕಡಾ ನೂರು ಮೀಟರಿಗೂ ಎತ್ತರದಿಂದ ಧುಮುಕುತ್ತದೆ. ಗುಡ್ಡದ ತಲೆಯ ಮೇಲೆ ಸುರಿದ ಮಳೆ ಕೆಳಗಿನ ಹಳ್ಳಕ್ಕೆ ಒಮ್ಮೆಲೇ ನುಗ್ಗುತ್ತದೆ. ಆಗ ಕೆಳಗೆ ಬಿಸಿಲೂ ಇರಬಹುದು. ಮೊಣಕಾಲಿನ ನೀರು ಎದೆಗೆ ಬರುವಷ್ಟರಲ್ಲಿ ದಡಕ್ಕೆ ಮರಳುವ ದಾರಿ ಮುಚ್ಚಿರುತ್ತದೆ, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲೂ ನಿಲ್ಲುವುದಿಲ್ಲ. ಬದ್ಲಾಪುರದ ಕೊಂಡೇಶ್ವರದ ಹೊಂಡವೂ ಹಾಗೆಯೇ. ಅರಣ್ಯ ಇಲಾಖೆ, ಪೊಲೀಸರು ಮಳೆಗಾಲದಲ್ಲಿ ಪಾಂಡವಕಡಾಕ್ಕೆ ಪ್ರವೇಶ ನಿಷೇಧಿಸುವುದು ಇದಕ್ಕಾಗಿ; ಕಾವಲಿನವರ ಕಣ್ಣು ತಪ್ಪಿಸಿ ಹಿಂದಿನ ದಾರಿಯಲ್ಲಿ ಹೋಗುವುದನ್ನು ಸಾಹಸ ಎನ್ನಬೇಡಿ. ನಿಷೇಧವಿರುವಾಗ ದೂರದ ರಸ್ತೆಯಿಂದಲೇ ಆ ಬಿಳಿಯ ಧಾರೆ ನೋಡಿ. ಗುಡ್ಡ ಹತ್ತಲೇಬೇಕೆಂದಿದ್ದರೆ ಮಳೆ ಬಿಟ್ಟ ಮೇಲೆ ಪನ್ವೇಲಿನ ಆಚೆ ಗೋವಾ ಹೆದ್ದಾರಿಯ ಮೇಲಿರುವ ಕರ್ನಾಳಾ ಪಕ್ಷಿಧಾಮಕ್ಕೆ ಬನ್ನಿ. ಮಂಗಳೂರಿನ ಬಸ್ಸಿನ ಕಿಟಕಿಯಿಂದ ನೀವು ನೋಡಿರಬಹುದಾದ ಹೆಬ್ಬೆರಳಿನಂಥ ಬಂಡೆ ಅಲ್ಲಿನ ಕೋಟೆಯದು. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಿಗ್ಗೆ ಬೇಗ ಹೊರಟರೆ, ಹತ್ತುವ ದಾರಿಯುದ್ದಕ್ಕೂ ಹಕ್ಕಿಗಳಿರುತ್ತವೆ.